ರೆಂಡರ್ ಮಧ್ಯೆ ಕ್ರ್ಯಾಶ್ ಆಗುವ ವರ್ಕ್‌ಸ್ಟೇಷನ್: ತನಿಖೆ ಎಲ್ಲಿಗೆ ಬಂತು

ಮೊದಲು ಮೆಷಿನ್ ವಿವರ. ರೈಜನ್ 7000 ಸಾಲಿನ 16 ಕೋರ್ ಪ್ರೊಸೆಸರ್, 32 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್ (ಎಕ್ಸ್‌ಪೋ, ಅಂದರೆ ರ‍್ಯಾಮ್ ಅನ್ನು ಹೆಚ್ಚು ವೇಗದಲ್ಲಿ ಓಡಿಸಲು ತಯಾರಕರು ಕೊಡುವ ಸಿದ್ಧ ಪ್ರೊಫೈಲ್: 6000, 1.35 ವೋಲ್ಟ್), 350 ವಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡ್, 1000 ವಾಟ್ ಎಸ್‌ಎಂಪಿಎಸ್ (ಮೆಷಿನ್‌ಗೆ ಕರೆಂಟ್ ಪೂರೈಸುವ ಘಟಕ). ಒಂದು ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಇನ್ನೊಂದರಲ್ಲಿ ಉಬುಂಟು. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಆ್ಯನಿಮೇಷನ್ ರೆಂಡರ್‌ಗೆ ಹಾಕಿದರೆ ಮುಕ್ಕಾಲು ಗಂಟೆಯಿಂದ ಎರಡು ಗಂಟೆಯೊಳಗೆ ಬ್ಲೂ ಸ್ಕ್ರೀನ್ ಬರುತ್ತದೆ, ಇಲ್ಲವೇ ಬ್ಲೆಂಡರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಬ್ರೌಸರ್, ಫೋಟೊ ಎಡಿಟಿಂಗ್ ಮಾಡುವಾಗ ಯಾವ ತಕರಾರೂ ಇಲ್ಲ.

ಲಾಗ್ ಓದಿದ್ದು

ವಿಂಡೋಸ್‌ನ ಲಾಗ್ ತೋರಿಸುವ ಇವೆಂಟ್ ವ್ಯೂವರ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಕರ್ನಲ್-ಪವರ್ 41 ಎಂಬ ದಾಖಲೆ. ಹೆಸರಿನಲ್ಲಿ ಪವರ್ ಇದೆ ಎಂದು ಎಸ್‌ಎಂಪಿಎಸ್ ಬದಲಿಸಲು ಹೊರಡಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಮೆಷಿನ್ ಮತ್ತೆ ಬೂಟ್ ಆಯಿತು ಎಂದಷ್ಟೇ ಅದು ಹೇಳುತ್ತದೆ. ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿರುವ ಬಗ್‌ಚೆಕ್ ಕೋಡ್ (ಬ್ಲೂ ಸ್ಕ್ರೀನ್ ಯಾವ ಬಗೆಯದು ಎಂದು ಹೇಳುವ ಸಂಖ್ಯೆ) ಮುಖ್ಯ. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್‌ಗೆ ಏನನ್ನೂ ದಾಖಲಿಸಲು ಪುರುಸೊತ್ತೇ ಸಿಕ್ಕಿಲ್ಲ. ಕರೆಂಟ್ ಕೈಕೊಟ್ಟಿರಬೇಕು ಅಥವಾ ಮೆಷಿನ್ ಪೂರ್ತಿ ಹ್ಯಾಂಗ್ ಆಗಿರಬೇಕು. ಇಲ್ಲಿ ಇದ್ದದ್ದು 26, 80, 59. ಈ ಅಂಕಿಗಳು ದಶಮಾನದಲ್ಲಿರುತ್ತವೆ, ಹೆಕ್ಸ್‌ಗೆ (16ರ ಆಧಾರದ ಸಂಖ್ಯೆಗೆ) ತಿರುಗಿಸಿದರೆ 1ಎ, 50, 3ಬಿ. ಬ್ಲೂ ಸ್ಕ್ರೀನ್ ಕೋಡ್‌ಗಳ ಪಟ್ಟಿಯಲ್ಲಿ ಹುಡುಕಬೇಕಾದದ್ದು ಈ ರೂಪವನ್ನು.

ಕ್ರ್ಯಾಶ್ ಆದಾಗ ವಿಂಡೋಸ್ ಉಳಿಸಿಡುವ ಮಿನಿಡಂಪ್‌ ಕಡತಗಳನ್ನು ವಿನ್‌ಡಿಬಿಜಿ ಎಂಬ ಡಿಬಗರ್‌ನಲ್ಲಿ ತೆರೆದರೆ ಒಂದು ಕಡತ ಫೈಲ್ ಸಿಸ್ಟಮ್ ಮೇಲೆ ಬೆರಳು ತೋರಿಸುತ್ತದೆ, ಇನ್ನೊಂದು ಗ್ರಾಫಿಕ್ಸ್ ಡ್ರೈವರ್ ಮೇಲೆ, ಮತ್ತೊಂದು ಕರ್ನಲ್ (ವಿಂಡೋಸ್‌ನ ತಿರುಳು ಭಾಗ) ಮೇಲೆ. ಒಂದೇ ಡ್ರೈವರ್ ಹೆಸರು ಪದೇಪದೇ ಬಂದಿದ್ದರೆ ಅದನ್ನೇ ಹಿಡಿಯಬಹುದಿತ್ತು. ಪ್ರತಿ ಸಲ ಬೇರೆ ಹೆಸರು ಬಂದಾಗ ಅವೆಲ್ಲ ಹಂಚಿಕೊಳ್ಳುವ ಜಾಗವನ್ನು, ಅಂದರೆ ರ‍್ಯಾಮ್ ಅನ್ನು, ಮೊದಲು ಅನುಮಾನಿಸಬೇಕು. ಕರೆಂಟ್ ಕಡೆಗೂ ಒಮ್ಮೆ ನೋಡಿ ಬಿಟ್ಟದ್ದಾಯಿತು: ರೆಂಡರ್ ನಡೆಯುವಾಗ ಮಲ್ಟಿಮೀಟರ್‌ನಲ್ಲಿ 12 ವೋಲ್ಟ್ ಲೈನ್ 11.9 ಇತ್ತು. 11.4ರಿಂದ 12.6ರವರೆಗೆ ಸರಿ.

ಮೆಮ್‌ಟೆಸ್ಟ್ ಪಾಸ್ ಆದರೂ

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಪಾಸ್ (ಸುತ್ತು) ಮುಗಿಸಿತು, ಎರರ್ ಸೊನ್ನೆ. ರ‍್ಯಾಮ್ ಚೆನ್ನಾಗಿದೆ ಎಂದು ಬಹಳ ಜನ ನಿಲ್ಲಿಸುವುದು ಇಲ್ಲೇ. ಆದರೆ ಆ ಪರೀಕ್ಷೆ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿರುತ್ತದೆ. ಪ್ರತಿ ಡಿಡಿಆರ್5 ಸ್ಟಿಕ್‌ನ ಎಸ್‌ಪಿಡಿ ಹಬ್‌ನಲ್ಲಿ (ಸ್ಟಿಕ್‌ನ ವಿವರ ಇಟ್ಟುಕೊಂಡಿರುವ ಸಣ್ಣ ಚಿಪ್) ತಾಪಮಾನದ ಸೆನ್ಸರ್ ಇದೆ, ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ಓದಬಹುದು. ರ‍್ಯಾಮ್ ಒಂದೇ ದುಡಿಯುವಾಗ 48 ಡಿಗ್ರಿ ಇದ್ದದ್ದು ರೆಂಡರ್ ಶುರುವಾಗಿ ಮುಕ್ಕಾಲು ಗಂಟೆಗೆ 67 ಮುಟ್ಟಿತು. ಕಾರ್ಡ್ ಉಗುಳುವ ಬಿಸಿಗಾಳಿ ನೇರ ಸ್ಟಿಕ್‌ಗಳ ಮೇಲೆ ಹಾದುಹೋಗುತ್ತದೆ. ಸಾಲದ್ದಕ್ಕೆ ಡಿಡಿಆರ್5ರಲ್ಲಿ ವೋಲ್ಟೇಜ್ ಇಳಿಸುವ ಚಿಪ್ ಕೂಡ ಸ್ಟಿಕ್ ಮೇಲೇ ಇರುವುದರಿಂದ ಅದರ ಬಿಸಿಯೂ ಸೇರುತ್ತದೆ.

ಹಾಗಾಗಿ ಎರಡನ್ನೂ ಒಟ್ಟಿಗೆ ಓಡಿಸಿ ನೋಡಬೇಕಾಯಿತು. ಉಬುಂಟುವಿನಲ್ಲಿ ಬ್ಲೆಂಡರ್ ರೆಂಡರ್ ಲೂಪ್‌ಗೆ ಹಾಕಿ, ಪಕ್ಕದಲ್ಲಿ ರ‍್ಯಾಮ್ ಮೇಲೆ ಭಾರ ಹಾಕಿ ಪರೀಕ್ಷಿಸುವ ಸ್ಟ್ರೆಸ್‌ಆ್ಯಪ್‌ಟೆಸ್ಟ್‌ಗೆ 48,000 ಎಂಬಿ ಕೊಟ್ಟು 7,200 ಸೆಕೆಂಡ್ ಓಡಿಸಿದೆ. ಸ್ಟಿಕ್ 60 ಡಿಗ್ರಿ ದಾಟುವವರೆಗೆ ಶಾಂತ. ಆಮೇಲೆ ಎರರ್ ಶುರು.

ಆ ಎರರ್ ಸಾಲುಗಳನ್ನು ನಿಧಾನವಾಗಿ ಓದಬೇಕು, ಉತ್ತರ ಅಲ್ಲೇ ಇದೆ. ಓದಿದ ಮೌಲ್ಯ, ಮರುಓದಿನ ಮೌಲ್ಯ, ಇರಬೇಕಾದ ಮೌಲ್ಯ ಮೂರೂ ಅಲ್ಲಿ ಸಿಗುತ್ತವೆ. ಮರುಓದಿನಲ್ಲಿ ಸರಿಯಾದ ಮೌಲ್ಯ ಬಂದಿದ್ದರೆ ಸಾಗಣೆಯಲ್ಲಿ ದೋಷ, ಅಂದರೆ ವೇಗ ಅಥವಾ ವೋಲ್ಟೇಜ್ ವಿಷಯ. ಇಲ್ಲಿ ಎರಡೂ ಓದಿನಲ್ಲಿ ಅದೇ ತಪ್ಪು: ಒಂದು ಬೈಟ್‌ನಲ್ಲಿ ಎಫ್‌ಎಫ್ ಬದಲು ಎಫ್‌ಬಿ, ಅದೇ 64 ಬೈಟ್ ಸಾಲಿನ ಇನ್ನೊಂದು ಬೈಟ್‌ನಲ್ಲಿ ಎಫ್‌ಎಫ್ ಬದಲು 7ಎಫ್. ಒಂದೊಂದೇ ಬಿಟ್ ಬಿದ್ದುಹೋಗಿದೆ, ಅದೂ ಜೋಡಿಯಾಗಿ. ಡಿಡಿಆರ್5 ಚಿಪ್‌ನೊಳಗಿನ ಇಸಿಸಿ (ತಪ್ಪು ತಿದ್ದುವ ವ್ಯವಸ್ಥೆ) 128 ಬಿಟ್‌ಗೆ ಒಂದು ತಪ್ಪನ್ನು ಮಾತ್ರ ತಿದ್ದಬಲ್ಲದು. ಎರಡು ಬಿಟ್ ಹೋದಾಗಷ್ಟೇ ನಮಗೆ ಕಾಣುತ್ತದೆ. ಹಾಗಾದರೆ ಒಳಗೆ ಬಿಟ್ ಬಿದ್ದುಹೋಗುವುದು ಕಾಣುವುದಕ್ಕಿಂತ ಎಷ್ಟೋ ಹೆಚ್ಚು ನಡೆದಿರಬೇಕು.

ರಿಫ್ರೆಶ್ ಲೆಕ್ಕ

ರ‍್ಯಾಮ್‌ನಲ್ಲಿ ಒಂದೊಂದು ಬಿಟ್ ಹಿಡಿದಿಡುವ ಸೆಲ್‌ನಲ್ಲಿರುವ ಚಾರ್ಜ್ ಸೋರುತ್ತಲೇ ಇರುತ್ತದೆ, ಬಿಸಿ ಏರಿದಂತೆ ಬೇಗ ಸೋರುತ್ತದೆ. ಆದ್ದರಿಂದ ಡಿಡಿಆರ್5ರಲ್ಲಿ 85 ಡಿಗ್ರಿವರೆಗೆ ಪ್ರತಿ 3.9 ಮೈಕ್ರೊಸೆಕೆಂಡ್‌ಗೊಂದು ರಿಫ್ರೆಶ್ (ಚಾರ್ಜ್ ಮತ್ತೆ ತುಂಬುವ) ಆದೇಶ ಹೋಗಬೇಕು. 6000 ವೇಗದಲ್ಲಿ ಕ್ಲಾಕ್ 3000 ಮೆಗಾಹರ್ಟ್ಸ್, ಹಾಗಾಗಿ ಟಿರೆಫ್‌ಐ (ಎರಡು ರಿಫ್ರೆಶ್ ಆದೇಶಗಳ ನಡುವಿನ ಅಂತರ, ಕ್ಲಾಕ್ ಲೆಕ್ಕದಲ್ಲಿ) 11,700 ಇರಬೇಕು. ರ‍್ಯಾಮ್ ಸೆಟ್ಟಿಂಗ್‌ಗಳನ್ನು ತೋರಿಸುವ ಝೆನ್‌ಟೈಮಿಂಗ್ಸ್ ತೆರೆದರೆ 65,535! ಬಯೋಸ್‌ನಲ್ಲಿ ಕಡಿಮೆ ಲೇಟೆನ್ಸಿಗೆಂದು (ವಿಳಂಬ ತಗ್ಗಿಸಲೆಂದು) ಇರುವ ಒಂದು ಆಯ್ಕೆ ಆನ್ ಇತ್ತು, ಅದು ಎಕ್ಸ್‌ಪೋಗೆ ಸಂಬಂಧವಿಲ್ಲದ ಈ ಅಂಕಿಯನ್ನು ಗರಿಷ್ಠಕ್ಕೆ ಎಳೆದಿತ್ತು. ಅಂದರೆ 21.8 ಮೈಕ್ರೊಸೆಕೆಂಡ್. ಪ್ರತಿ ಸೆಲ್‌ಗೆ 32 ಮಿಲಿಸೆಕೆಂಡ್‌ಗೊಮ್ಮೆ ಸಿಗಬೇಕಾದ ರಿಫ್ರೆಶ್ ಸುಮಾರು 179 ಮಿಲಿಸೆಕೆಂಡ್‌ಗೆ ಹೋಗಿದೆ. ತಣ್ಣಗಿದ್ದಾಗ ಸ್ಟಿಕ್ ಇದನ್ನೂ ತಾಳಿಕೊಳ್ಳುತ್ತದೆ. 60 ದಾಟಿದರೆ ಆಗದು.

ಬಯೋಸ್ ಪೂರ್ತಿ ರೀಸೆಟ್ ಮಾಡಿದ್ದರೂ ಕ್ರ್ಯಾಶ್ ನಿಲ್ಲುತ್ತಿತ್ತು. ಆಗ ಎಕ್ಸ್‌ಪೋ ಸರಿಯಿಲ್ಲ, ಸ್ಟಿಕ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಮಾಡುವವರೆಗೂ ಹೋಗಬಹುದಿತ್ತು. ಅದಕ್ಕೇ ಒಂದೊಂದನ್ನೇ ಬದಲಿಸಿ, ಅದೇ ಎರಡು ಗಂಟೆಯ ಲೋಡ್ ಕೊಟ್ಟು ನೋಡಿದ್ದು. ಎಕ್ಸ್‌ಪೋ 6000 ಹಾಗೇ ಇಟ್ಟು ಟಿರೆಫ್‌ಐ ಮಾತ್ರ 11,700ಕ್ಕೆ ಇಳಿಸಿದಾಗ 67 ಡಿಗ್ರಿಯಲ್ಲೂ ಎರರ್ ಇಲ್ಲ. ಮತ್ತೆ 65,535 ಕೊಟ್ಟಾಗ 60ರ ಆಸುಪಾಸಿನಲ್ಲೇ ಎರರ್ ಮರಳಿತು. ಅದೇ 65,535ರಲ್ಲಿ ಪಕ್ಕದ ಪ್ಯಾನೆಲ್ ತೆಗೆದು 120 ಎಂಎಂ ಫ್ಯಾನ್ ಅನ್ನು ಸ್ಟಿಕ್‌ಗಳ ಕಡೆ ತಿರುಗಿಸಿದರೆ ತಾಪ 50 ದಾಟಲಿಲ್ಲ, ಎರರ್ ಕೂಡ ಬರಲಿಲ್ಲ. ಬೇಕೆಂದಾಗ ತೊಂದರೆಯನ್ನು ತರಿಸಲೂ ನಿಲ್ಲಿಸಲೂ ಆಯಿತು ಎಂದ ಮೇಲೆ ಸ್ಟಿಕ್ ಮೇಲೆ ಅನುಮಾನ ಉಳಿಯದು.

ಈ ಪರೀಕ್ಷೆಗಳ ಹೊತ್ತಿಗೆ ಬಯೋಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್ ಆಫ್ ಇಡಿ. ಆಗ ಪ್ರತಿ ಬೂಟ್‌ನಲ್ಲೂ ಹೊಸದಾಗಿ ಟ್ರೈನಿಂಗ್, ಅಂದರೆ ರ‍್ಯಾಮ್ ಜೊತೆಗಿನ ಹೊಂದಾಣಿಕೆ, ಆಗುತ್ತದೆ. ಕೆಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರಬಹುದು, ಗಾಬರಿಬಿದ್ದು ಪವರ್ ಬಟನ್ ಒತ್ತಬೇಡಿ.

ಈಗಿನ ಸ್ಥಿತಿ

ಟಿರೆಫ್‌ಐ ಆಟೊ, ಎಕ್ಸ್‌ಪೋ 6000, ಪ್ಯಾನೆಲ್ ಮುಚ್ಚಿದೆ. ರೆಂಡರ್ ಸಮಯದಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಉಳಿದದ್ದು ಶುಚಿ ಕೆಲಸ, ಇದನ್ನು ಬಿಡುವಂತಿಲ್ಲ: ರ‍್ಯಾಮ್ ತಪ್ಪುತ್ತಿದ್ದ ಕಾಲದಲ್ಲಿ ಬರೆದ ಯಾವ ಫೈಲ್‌ನಲ್ಲೂ ಬಿಟ್ ಹೋಗಿರಬಹುದು. ವಿಂಡೋಸ್‌ಗೆ ಮೊದಲು ಡಿಐಎಸ್‌ಎಂ ರೀಸ್ಟೋರ್ ಹೆಲ್ತ್, ನಂತರ ಎಸ್‌ಎಫ್‌ಸಿ ಸ್ಕ್ಯಾನ್ (ಎರಡೂ ವಿಂಡೋಸ್‌ನ ಫೈಲ್‌ಗಳನ್ನು ನೋಡಿ ಸರಿಪಡಿಸುವ ಆದೇಶಗಳು) ಮುಗಿದಿದೆ. ಬ್ಯಾಕಪ್ ಡಿಸ್ಕ್‌ಗೆ ಹೋದ ಪ್ರಾಜೆಕ್ಟ್‌ಗಳನ್ನು ಮೂಲದ ಜೊತೆ ಚೆಕ್‌ಸಮ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸುವುದು ನಡೆಯುತ್ತಿದೆ.

ರ‍್ಯಾಮ್ ಹೆಚ್ಚಿಸಬೇಕಾಗಿದೆ. ಈ ಸಾಲಿನ ಪ್ರೊಸೆಸರ್‌ಗೆ ಕಂಪನಿ ಹೇಳುವ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕಿದ್ದರೆ 3600. ಹಾಗಾಗಿ ಇನ್ನೆರಡು ಸ್ಟಿಕ್ ಸೇರಿಸುವ ಬದಲು ಇವನ್ನು ತೆಗೆದು 48 ಜಿಬಿಯ ಎರಡು ಹಾಕುವುದೆಂದು ನಿರ್ಧಾರ. ಅವು ಬಂದ ಮೇಲೆ ಇದೇ ಎರಡು ಗಂಟೆಯ ಪರೀಕ್ಷೆ, ಸ್ಟ್ರೆಸ್‌ಆ್ಯಪ್‌ಟೆಸ್ಟ್‌ಗೆ ಮಾತ್ರ 76,000 ಎಂಬಿ.