ದಾವಣಗೆರೆಯಿಂದ ಟೋಕಿಯೋ ಕ್ರೀಡಾಂಗಣಕ್ಕೆ

2025ರ ಸೆಪ್ಟೆಂಬರ್ 13ರಿಂದ 21ರವರೆಗೆ ಟೋಕಿಯೋದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಒಂಬತ್ತು ದಿನವೂ ಕೂತು ನೋಡುವಷ್ಟು ರಜೆ, ದುಡ್ಡು ಎರಡೂ ಇರುವವರು ನಮ್ಮ ಕಡೆ ಕಡಿಮೆ. ಹಾಗಾಗಿ ಇಂಥ ಪ್ರವಾಸಕ್ಕೆ ಮೊದಲು ವೇಳಾಪಟ್ಟಿ ಹರಡಿಕೊಂಡು ಕೂರಬೇಕು, ವಿಮಾನದ ದರ ನೋಡುವುದು ಆಮೇಲೆ. ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಮುಖ್ಯವಾಗಿದ್ದದ್ದು ಜಾವೆಲಿನ್. ಅದರ ಅರ್ಹತಾ ಸುತ್ತು 17ರಂದು, ಫೈನಲ್ 18ರ ಸಂಜೆ.

ಬಹಳ ಜನ ಫೈನಲ್ ಟಿಕೆಟ್ ಒಂದನ್ನೇ ಕೊಳ್ಳುತ್ತಾರೆ. ಆದರೆ ಟೋಕಿಯೋದಲ್ಲಿ ಭಾರತದ ನಾಲ್ವರು ಜಾವೆಲಿನ್ ಎಸೆತಗಾರರಿದ್ದರು, ಫೈನಲ್ ತಲುಪಿದ್ದು ಇಬ್ಬರು. ನಾಲ್ವರನ್ನೂ ನೋಡುವ ಅವಕಾಶ ಅರ್ಹತಾ ಸುತ್ತಿನಲ್ಲಿ ಮಾತ್ರ ಇತ್ತು. ಅಲ್ಲಿಗೆ ಹೋದವರೂ ಸಮಯಕ್ಕೆ ಮುಂಚೆ ಕೂತಿರಬೇಕು. ನೇರ ಅರ್ಹತೆಗೆ 84.50 ಮೀಟರ್ ಬೇಕಿತ್ತು. ನೀರಜ್ ಚೋಪ್ರಾ ಮೊದಲ ಎಸೆತದಲ್ಲೇ 84.85 ಎಸೆದು, ಚೀಲ ಎತ್ತಿಕೊಂಡು ಒಳಗೆ ಹೋದರು. ಹತ್ತು ನಿಮಿಷ ತಡವಾಗಿ ಬಂದವರಿಗೆ ಆ ದಿನ ನೀರಜ್ ಕಾಣಲೇ ಇಲ್ಲ.

ದಿನ ಗೊತ್ತಾದ ಮೇಲೆ ವೀಸಾ. ಭಾರತೀಯರಿಗೆ ಜಪಾನ್ ಪ್ರವಾಸಿ ವೀಸಾ ಈಗ ಇ-ವೀಸಾ ರೂಪದಲ್ಲಿ ಸಿಗುತ್ತದೆ, ಬೆಂಗಳೂರಿನ ವೀಸಾ ಕೇಂದ್ರದ ಮೂಲಕ ಅರ್ಜಿ ಹಾಕಬೇಕು. ಬ್ಯಾಂಕಿನ ಲೆಕ್ಕಪತ್ರ, ಆದಾಯ ತೆರಿಗೆ ದಾಖಲೆ, ದಿನದಿನದ ಪ್ರಯಾಣದ ಪಟ್ಟಿ, ತಂಗುವ ಜಾಗದ ಬುಕಿಂಗ್ ಎಲ್ಲದರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಲಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಒಂದೇ ಅಕ್ಷರದಲ್ಲಿ ಬರೆಯುವ ರೂಢಿ ಇದೆ. ಅದು ತಕರಾರಿಗೆ ದಾರಿ. ವೀಸಾ ಬಂದಾಗ ಅದನ್ನು ಫೋನಿನಲ್ಲಿ ಇಂಟರ್ನೆಟ್ ಮೂಲಕ ತೆರೆದು ತೋರಿಸಬೇಕು. ಪ್ರಿಂಟ್ ತೆಗೆದ ಹಾಳೆ, ಸ್ಕ್ರೀನ್‌ಶಾಟ್ ಎರಡನ್ನೂ ಒಪ್ಪುವುದಿಲ್ಲ. ಜೆರಾಕ್ಸ್ ಕಟ್ಟು ಹಿಡಿದು ಹೊರಡುವುದು ನಮ್ಮ ಅಭ್ಯಾಸ, ಇಲ್ಲಿ ಕೆಲಸಕ್ಕೆ ಬರುವುದು ಚಾರ್ಜ್ ಇರುವ ಫೋನು ಮತ್ತು ವಿಮಾನ ಇಳಿದ ಕೂಡಲೇ ನಡೆಯುವ ಸಿಮ್.

ಬೆಂಗಳೂರಿನಿಂದ ಟೋಕಿಯೋದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ, ಸುಮಾರು ಎಂಟು ಗಂಟೆಯ ಹಾದಿ. ದಾವಣಗೆರೆಯಿಂದ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವರು ಬೆಂಗಳೂರು ನಗರಕ್ಕೆ ಕಾಲಿಡಬೇಕಿಲ್ಲ. ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ನೆಲಮಂಗಲ, ಹೆಬ್ಬಾಳದ ಟ್ರಾಫಿಕ್ ಎರಡೂ ತಪ್ಪುತ್ತವೆ. ರೈಲಿನಲ್ಲಿ ಬರುವವರು ಯಶವಂತಪುರದಲ್ಲಿ ಇಳಿದು ಇನ್ನೂ ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಲಿ.

ಸೂಟ್‌ಕೇಸಿನ ವಿಷಯದಲ್ಲಿ ಒಂದು ಮಾತು: ಮನೆಯ ಎಲೆಕ್ಟ್ರಿಕ್ ಕೆಟಲ್ ಒಯ್ಯಬೇಡಿ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ವೋಲ್ಟೇಜ್ ಅರ್ಧಕ್ಕಿಂತ ಕಡಿಮೆಯಾದರೆ ಕಾವು ಐದನೇ ಒಂದು ಪಾಲಿಗೂ ಕೆಳಗೆ ಇಳಿಯುತ್ತದೆ. ಇಲ್ಲಿ 1500 ವ್ಯಾಟ್ ಕೊಡುವ ಕೆಟಲ್ ಅಲ್ಲಿ 280 ವ್ಯಾಟ್ ಆಸುಪಾಸಿನದು. ನಾಲ್ಕು ನಿಮಿಷದಲ್ಲಿ ಕುದಿಯುವ ಒಂದು ಲೀಟರ್ ನೀರಿಗೆ ಇಪ್ಪತ್ತು ನಿಮಿಷ ಕಾದರೂ ಸಾಲದು. ಹೋಟೆಲ್ ಕೋಣೆಗಳಲ್ಲಿ ಅಲ್ಲಿನದೇ ಕೆಟಲ್ ಸಾಮಾನ್ಯವಾಗಿ ಇರುತ್ತದೆ, ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಒಯ್ದರೆ ಸಾಕು. ಫೋನ್ ಚಾರ್ಜರಿಗೆ ತೊಂದರೆ ಇಲ್ಲ, ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಬೇಕು. ಚಟ್ನಿಪುಡಿ ಸರಿ, ಹಸಿ ಕರಿಬೇವು, ಹಣ್ಣು, ತರಕಾರಿ, ಮಾಂಸದ ತಿನಿಸು ಬೇಡ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ಕೊಡೀನ್ ಅಥವಾ ಸ್ಯೂಡೊಎಫೆಡ್ರಿನ್ ಇರುವ ಕೆಮ್ಮು ನೆಗಡಿ ಔಷಧಿಗಳಿಗೆ ಜಪಾನಿನಲ್ಲಿ ಬಿಗಿ ನಿಯಮಗಳಿವೆ. ಶೀಶೆಯ ಹಿಂದೆ ಏನು ಬರೆದಿದೆ ಎಂದು ಊರಿನಲ್ಲೇ ಓದಿಕೊಂಡು ಹೊರಡಿ.

ನರಿತಾದಿಂದ ನಗರ ಅರವತ್ತು ಕಿಲೋಮೀಟರ್ ಆಚೆ. ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೆ ನರಿತಾ ಎಕ್ಸ್‌ಪ್ರೆಸ್ ರೈಲಿನ ಹೋಗಿಬರುವ ಟಿಕೆಟ್ 5,000 ಯೆನ್‌ಗೆ ಸಿಗುತ್ತಿತ್ತು. ಆ ಹೊತ್ತಿಗೆ ನೂರು ಯೆನ್ ಎಂದರೆ ಅರವತ್ತು ರೂಪಾಯಿ ಹತ್ತಿರ. ನಗರದೊಳಗೆ ಓಡಾಡಲು, ಹಣ ತುಂಬಿಸಿ ಗೇಟಿನಲ್ಲಿ ತೋರಿಸುವ ಸುಯಿಕಾ ಕಾರ್ಡ್. ಪ್ರವಾಸಿಗಳಿಗೆಂದೇ ಇರುವ ವೆಲ್ಕಮ್ ಸುಯಿಕಾ 28 ದಿನ ನಡೆಯುತ್ತದೆ, ಉಳಿದ ಹಣ ವಾಪಸ್ ಬರುವುದಿಲ್ಲ; ಆದ್ದರಿಂದ ಸ್ವಲ್ಪ ಸ್ವಲ್ಪವೇ ತುಂಬಿಸಿ. ನಗದಿಗೆ ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂ ಸುಲಭ, ಆದರೆ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ಊರಿನಿಂದಲೇ ಚಾಲೂ ಮಾಡಿರಬೇಕು.

ಟೋಕಿಯೋದಲ್ಲಿ ಜೆಆರ್ (ಜಪಾನ್ ರೈಲ್ವೇಸ್), ಟೋಕಿಯೋ ಮೆಟ್ರೊ, ತೊಎಇ ಎಂದು ರೈಲಿನವರೇ ಬೇರೆ ಬೇರೆ. ಪ್ರವಾಸಿಗಳ 72 ಗಂಟೆಯ ಸಬ್‌ವೇ ಟಿಕೆಟ್ ಕೊಂಡವರು ಅದನ್ನು ಹಿಡಿದು ಜೆಆರ್ ಗೇಟಿನಲ್ಲಿ ನಿಲ್ಲುವುದುಂಟು; ಅಲ್ಲಿ ಅದು ನಡೆಯದು. ಕೂಟ ನಡೆದ ರಾಷ್ಟ್ರೀಯ ಕ್ರೀಡಾಂಗಣಕ್ಕೆ ಮೂರು ದಾರಿ. ಜೆಆರ್‌ನ ಸೆಂದಗಾಯಾ ನಿಲ್ದಾಣದಿಂದ ಐದು ನಿಮಿಷದ ನಡಿಗೆ. ತೊಎಇ ಓಎದೊ ಮಾರ್ಗದ ಕೊಕುರಿತ್ಸು-ಕ್ಯೋಗಿಜೊ ನಿಲ್ದಾಣ ಕ್ರೀಡಾಂಗಣದ ಎದುರಿಗೇ ಇದೆ. ಗಿಂಜಾ ಮಾರ್ಗದ ಗಾಯೆನ್‌ಮಾಎಯಿಂದ ಹತ್ತು ನಿಮಿಷ. ಶಿಂಜುಕುವಿನಿಂದ ಸೆಂದಗಾಯಾಗೆ ಹೊರಡುವವರು ಹಳದಿ ಪಟ್ಟಿಯ ರೈಲನ್ನೇ ಹತ್ತಬೇಕು. ಕಿತ್ತಳೆ ಪಟ್ಟಿಯ ವೇಗದ ರೈಲು ಸೆಂದಗಾಯಾದಲ್ಲಿ ನಿಲ್ಲದೆ ನೇರ ಯೊತ್ಸುಯಾಗೆ ಒಯ್ಯುತ್ತದೆ. ಬಣ್ಣ ನೋಡದೆ ಹತ್ತಿ, ಕ್ರೀಡಾಂಗಣ ಕಿಟಕಿಯಾಚೆ ಹಿಂದಕ್ಕೆ ಸರಿದುಹೋಗುವುದನ್ನು ನೋಡುವುದು ಸಂಕಟ.

ಇನ್ನು ಕ್ರೀಡಾಂಗಣ. ಇದೇ ಜಾಗದಲ್ಲಿದ್ದ ಹಳೆಯ ಕ್ರೀಡಾಂಗಣದಲ್ಲಿ 1964ರ ಒಲಿಂಪಿಕ್ಸ್ ನಡೆಯಿತು. ಆಗ ನಮ್ಮ ಗುರ್‌ಬಚನ್ ಸಿಂಗ್ ರಾಂಧವಾ 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಐದನೆಯವರಾದರು. 1991ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೈಕ್ ಪವೆಲ್ 8.95 ಮೀಟರ್ ಉದ್ದ ಜಿಗಿದದ್ದೂ ಅಲ್ಲೇ. 2025ರ ಕೂಟ ಮುಗಿದಾಗಲೂ ಆ ವಿಶ್ವದಾಖಲೆ ಅಳಿಸಿರಲಿಲ್ಲ. 2015ರಲ್ಲಿ ಆ ಕಟ್ಟಡ ಕೆಡವಿ, ಕೆಂಗೊ ಕುಮಾ ವಿನ್ಯಾಸದ ಈಗಿನದನ್ನು 2019ರಲ್ಲಿ ಮುಗಿಸಿದರು. ಸೂರಿನಲ್ಲಿ ಜಪಾನಿನ 47 ಪ್ರಾಂತಗಳ ಮರ ಬಳಸಿದ್ದಾರೆ. ಹತ್ತಿರ ನಿಂತು ತಲೆಯೆತ್ತಿದರೆ ಕಾಂಕ್ರೀಟಿನ ದೈತ್ಯನಂತೆ ಕಾಣದೆ, ಸಾಲು ಸಾಲು ಮರದ ಪಟ್ಟಿಗಳ ಹಳೆಯ ತೊಟ್ಟಿಮನೆಯ ಜಂತೆಯಂತೆ ಕಾಣುತ್ತದೆ.

ಆಸನಗಳಿಗೆ ಐದು ಬಣ್ಣ, ಬಿಳಿ, ಹಸಿರು, ಮಣ್ಣಿನ ಛಾಯೆಗಳನ್ನು ಕಾಡಿನ ನೆಲದ ಬೆಳಕಿನಂತೆ ಚೆಲ್ಲಾಪಿಲ್ಲಿ ಜೋಡಿಸಿದ್ದಾರೆ. ಹೀಗಾಗಿ ಖಾಲಿ ಇದ್ದರೂ ಜನ ತುಂಬಿದಂತೆ ಕಾಣುತ್ತದೆ. 2021ರ ಆಗಸ್ಟ್ 7ರಂದು ನೀರಜ್ 87.58 ಮೀಟರ್ ಎಸೆದು ಒಲಿಂಪಿಕ್ ಚಿನ್ನ ಗೆದ್ದದ್ದು ಇದೇ ನೆಲದಲ್ಲಿ, ಇದೇ ಬಣ್ಣದ ಖಾಲಿ ಕುರ್ಚಿಗಳ ಎದುರು. ಕೋವಿಡ್ ಕಾಲ, ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ನಾಲ್ಕು ವರ್ಷದ ಮೇಲೆ ಅದೇ ಕ್ರೀಡಾಂಗಣಕ್ಕೆ ಒಂಬತ್ತು ದಿನಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಬಂದರು. ಎರಡನ್ನೂ ಒಟ್ಟಿಗೆ ನೆನೆದವರಿಗೆ ಆ ಆಸನಗಳು ಬರೀ ಆಸನಗಳಾಗಿ ಕಾಣುವುದಿಲ್ಲ.

ಎಲ್ಲಿ ಕೂರಬೇಕು? ಓಟ ಯಾವಾಗಲೂ ಎಡಗೈ ಒಳಗಿರುವಂತೆ ಸುತ್ತುತ್ತದೆ. ಮುಖ್ಯ ಸ್ಟ್ಯಾಂಡಿನಲ್ಲಿ ಕೂತವರಿಗೆ ಓಟಗಾರರು ಎಡದಿಂದ ಬಲಕ್ಕೆ ಹೋಗುತ್ತಾರೆ. 100 ಮೀಟರ್ ಆರಂಭ ಎಡತುದಿಯಲ್ಲಿ, ಮುಕ್ತಾಯ ಬಲತುದಿಯಲ್ಲಿ. ಮುಕ್ತಾಯದ ಗೆರೆಯ ಎದುರಿನ ಟಿಕೆಟ್ಟೇ ಎಲ್ಲಕ್ಕಿಂತ ತುಟ್ಟಿ. ಆದರೆ ಕಣ್ಣ ನೇರಕ್ಕೆ ಬರುವ ಓಟದಲ್ಲಿ ಯಾರು ಮುಂದೆ ಎಂದು ಹೇಳುವುದು ಅಲ್ಲೂ ಕಷ್ಟ, ದೊಡ್ಡ ಪರದೆಯನ್ನೇ ನೋಡಬೇಕಾಗುತ್ತದೆ. ಎರಡು ತಿರುವುಗಳನ್ನೂ ಮೇಲಿನಿಂದ ತೋರಿಸುವ ಎತ್ತರದ ಸಾಲು 400 ಮೀಟರಿಗೆ, ರಿಲೇಗೆ ಉತ್ತಮ. ಬೇಟನ್ ಎಲ್ಲಿ ತಡವಾಯಿತು ಎಂಬುದು ಟಿವಿಗಿಂತ ಚೆನ್ನಾಗಿ ಅಲ್ಲಿ ಕಾಣುತ್ತದೆ. ಮೂರನೇ ಹಂತದ ಮೆಟ್ಟಿಲು ಕಡಿದಾಗಿದೆ, ಆದರೆ ಏಳು ಸುತ್ತಿನ ಕೋಟೆ ಹತ್ತಿ ಇಳಿದ ದುರ್ಗದವರ ಕಾಲಿಗೆ ಅದೇನೂ ಭಾರವಲ್ಲ.

ಜಾವೆಲಿನ್‌ಗಾಗಿಯೇ ಹೋಗುವವರು ಮುಕ್ತಾಯದ ಗೆರೆ ಮರೆತು, ರನ್‌ವೇ ಯಾವ ತುದಿಯಲ್ಲಿದೆ, ಕೋಚ್‌ಗಳಿಗೆ ಮೀಸಲಾದ ಸಾಲು ಎಲ್ಲಿದೆ ಎಂದು ನೋಡಿ ಅದರ ಬಳಿ ಕೂರಬೇಕು. ಪ್ರತಿ ಎಸೆತದ ನಂತರ ಎಸೆತಗಾರ ಕೋಚ್ ಕಡೆ ನಡೆದು ಬರುತ್ತಾನೆ. ಕೈಸನ್ನೆ, ತಲೆಯಾಡಿಸುವಿಕೆ, ಮುಖದ ಬಣ್ಣ ಎಲ್ಲ ಅಲ್ಲಿ ಕಾಣುತ್ತದೆ. 8×30 ದುರ್ಬೀನು ಒಯ್ದರೆ 160 ಮೀಟರ್ ಆಚೆಯದು ಇಪ್ಪತ್ತು ಮೀಟರಿನಷ್ಟು ಹತ್ತಿರ ಬರುತ್ತದೆ. ಹತ್ತು, ಹನ್ನೆರಡು ಪಟ್ಟಿನದು ಬೇಡ, ಕೈ ನಡುಗಿದಷ್ಟೂ ಚಿತ್ರ ನಡುಗುತ್ತದೆ.

18ರ ಸಂಜೆ ಇದೆಲ್ಲ ಬೇಕಾಯಿತು. ಮೈದಾನದಲ್ಲಿ ಏಕಕಾಲಕ್ಕೆ ಎರಡು ಮೂರು ಸ್ಪರ್ಧೆ ನಡೆಯುತ್ತಿರುತ್ತವೆ, ನಿರೂಪಕರ ಮಾತು ಓಟದ ಕಡೆಗೇ ವಾಲುತ್ತದೆ. ಉತ್ತರ ಪ್ರದೇಶದ ಸಚಿನ್ ಯಾದವ್ ಮೊದಲ ಎಸೆತದಲ್ಲೇ 86.27 ಮೀಟರ್ ಎಸೆದರು, ಅದು ಅವರ ಜೀವನದ ಶ್ರೇಷ್ಠ ಎಸೆತ. ಬೆನ್ನುನೋವಿನಲ್ಲಿದ್ದ ನೀರಜ್ 84.03ಕ್ಕೆ ನಿಂತರು. ಹನ್ನೆರಡು ಜನರಲ್ಲಿ ಮೂರು ಸುತ್ತಿನ ನಂತರ ಹತ್ತು, ನಾಲ್ಕರ ನಂತರ ಎಂಟು, ಐದರ ನಂತರ ಆರು ಮಂದಿ ಉಳಿಯುವ ಕ್ರಮವಿತ್ತು. ಎಲ್ಲರಿಗೂ ಆರು ಎಸೆತ ಸಿಗುತ್ತವೆ ಎಂದುಕೊಂಡವರಿಗೆ ನೀರಜ್ ಐದನೆಯದಕ್ಕೇ ಹೊರಬಿದ್ದದ್ದು ತಕ್ಷಣ ಅರ್ಥವಾಗುವಂತಿರಲಿಲ್ಲ. ಅವರು ಎಂಟನೆಯವರು, ಸಚಿನ್ ನಾಲ್ಕನೆಯವರು. ಕಂಚು ಗೆದ್ದ ಅಮೆರಿಕದ ಕರ್ಟಿಸ್ ಥಾಂಪ್ಸನ್ ಎಸೆದದ್ದು 86.67. ಚಿನ್ನ ಟ್ರಿನಿಡಾಡ್‌ನ ಕೆಶಾರ್ನ್ ವಾಲ್ಕಾಟ್‌ಗೆ, 88.16. ಪದಕಕ್ಕೂ ಸಚಿನ್‌ಗೂ ನಡುವೆ ಉಳಿದ 40 ಸೆಂಟಿಮೀಟರ್, ಶಾಲೆಯ ಎರಡು ಅಡಿಪಟ್ಟಿಯಷ್ಟೂ ಇಲ್ಲ. ಅದೇ ಸಂಜೆ ಮಳೆಯಲ್ಲಿ ನೆನೆದ ಟ್ರ್ಯಾಕಿನಲ್ಲಿ ಸಿಡ್ನಿ ಮೆಕ್‌ಲಾಫ್ಲಿನ್-ಲೆವ್ರೋನ್ 400 ಮೀಟರನ್ನು 47.78 ಸೆಕೆಂಡಿನಲ್ಲಿ ಮುಗಿಸಿದರು. ಸೆಪ್ಟೆಂಬರ್ ಅಲ್ಲಿ ಮಳೆ, ಚಂಡಮಾರುತಗಳ ತಿಂಗಳು. ಛತ್ರಿ ಬಿಚ್ಚಿದರೆ ಹಿಂದಿನವರಿಗೆ ಅಡ್ಡ, ತೆಳು ರೇನ್‌ಕೋಟ್ ಇರಲಿ.

ಟಿಕೆಟ್ ಇಲ್ಲದೆಯೂ ನೋಡಬಹುದಾದದ್ದು ಮ್ಯಾರಥಾನ್. ಜಿಂಬೊಚೊದ ಹಳೆ ಪುಸ್ತಕದಂಗಡಿಗಳ ಬೀದಿ, ಚಕ್ರವರ್ತಿಯ ಅರಮನೆಯ ಆಸುಪಾಸಿನ ರಸ್ತೆಗಳಲ್ಲಿ ಜನ ಸಾಲಾಗಿ ನಿಂತಿದ್ದರು. ಸೆಕೆಗೆ ಹೆದರಿ ಆರಂಭವನ್ನು ಅರ್ಧ ಗಂಟೆ ಮುಂಚೆ, 7.30ಕ್ಕೇ ತಂದಿದ್ದರು. ನಮ್ಮ ಕಡೆಯ ಬಿಸಿಲಿಗೆ ಒಗ್ಗಿದವರೂ ಈ ಸೆಕೆಯನ್ನು ಹಗುರವಾಗಿ ಕಾಣಬಾರದು. ದಾವಣಗೆರೆಯಲ್ಲಿ ಏಪ್ರಿಲ್‌ನ 38 ಡಿಗ್ರಿ ಒಣ ಬಿಸಿಲು. ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಟೋಕಿಯೋದಲ್ಲಿ 32 ಡಿಗ್ರಿ ಇದ್ದರೂ ಗಾಳಿಯ ತುಂಬ ತೇವ, ಬೆವರು ಆರದೆ ಹಾಗೇ ಹರಿಯುತ್ತದೆ. ಅದಕ್ಕೇ ಬೇಗ ಸುಸ್ತು. ನೀರಿನ ಜೊತೆ ಉಪ್ಪು ಸಕ್ಕರೆಯ ಒಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ. 15ರ ಪುರುಷರ ಓಟ ಕ್ರೀಡಾಂಗಣದೊಳಗೇ ಮುಗಿಯಿತು. ತಾಂಜಾನಿಯಾದ ಆಲ್ಫೊನ್ಸ್ ಸಿಂಬು, ಜರ್ಮನಿಯ ಅಮನಾಲ್ ಪೆಟ್ರೊಸ್ ಇಬ್ಬರದ್ದೂ 2:09:48. 42 ಕಿಲೋಮೀಟರ್ ಓಡಿದ ಮೇಲೆ ಚಿನ್ನ ತೀರ್ಮಾನವಾದದ್ದು 0.03 ಸೆಕೆಂಡಿನಲ್ಲಿ. ಅದೇ ದಿನ ಸಂಜೆ ಅರ್ಮಾಂಡ್ ಡುಪ್ಲಾಂಟಿಸ್ 6.30 ಮೀಟರ್ ಪೋಲ್ ವಾಲ್ಟ್ ವಿಶ್ವದಾಖಲೆ ಬರೆದರು, ಮೂರನೆಯ ಹಾಗೂ ಕೊನೆಯ ಯತ್ನದಲ್ಲಿ. ಉಳಿದವರ ಸ್ಪರ್ಧೆ ಮುಗಿದರೂ ಕೊನೆಯ ಯತ್ನದವರೆಗೆ ಏಳಬಾರದು ಎನ್ನುವುದು ಇದಕ್ಕೇ.

ಕೂಟವಿಲ್ಲದ ಬೆಳಗಿಗೆ ಓಡುವ ಅಭ್ಯಾಸವಿದ್ದವರು ಅರಮನೆಯ ಸುತ್ತು ಹಿಡಿಯಲಿ. ಸರಿಯಾಗಿ ಐದು ಕಿಲೋಮೀಟರ್, ಸಿಗ್ನಲ್ ಒಂದೂ ಅಡ್ಡ ಬರುವುದಿಲ್ಲ. ಟ್ರ್ಯಾಕಿನಂತೆಯೇ ಅಪ್ರದಕ್ಷಿಣೆಯಾಗಿ ಓಡುವುದು ಅಲ್ಲಿನ ರೂಢಿ, ಎದುರು ಓಡಿದರೆ ಎಲ್ಲರಿಗೂ ತೊಂದರೆ.

ಸಸ್ಯಾಹಾರಿಗಳಿಗೆ ಕಷ್ಟವಾಗುವುದು ದಾಶಿಯಿಂದ. ಒಣಮೀನಿನ ಚಕ್ಕೆ ಕುದಿಸಿದ ಈ ಸಾರು ಸೋಬಾ, ಉದೋನ್ ನೂಡಲ್ಸ್, ಮಿಸೊ ಸೂಪು, ತೋಫು ಪಲ್ಯದವರೆಗೆ ಎಲ್ಲದರಲ್ಲೂ ಇರುತ್ತದೆ. 'ಮಾಂಸ ಬೇಡ' ಎಂದರೆ ಮಾಂಸ ತೆಗೆದು ಕೊಡುತ್ತಾರೆ, ಸಾರು ಅದೇ. 'ಕತ್ಸುಒ ದಾಶಿ ಬೇಡ' ಎಂದು ಜಪಾನಿಯಲ್ಲಿ ಬರೆಸಿಕೊಂಡ ಚೀಟಿ ತೋರಿಸುವುದು ಒಳ್ಳೆಯದು. ಅಂಗಡಿಗಳ ಅನ್ನದುಂಡೆ, ಒನಿಗಿರಿಯಲ್ಲಿ ಉಮೆ ಎಂಬ ಹುಳಿಹಣ್ಣಿನ ಉಪ್ಪಿನಕಾಯಿ ಇರುವುದನ್ನು ಆರಿಸಿ, ಅದರ ಚೀಟಿಯನ್ನೂ ಫೋನಿನ ಅನುವಾದದಿಂದ ಓದಿ. ಟೋಕಿಯೋ ಸ್ಟೇಷನ್ನಿನ ಒಳಗೇ ಪೂರ್ತಿ ಸಸ್ಯಾಹಾರದ ರಾಮೆನ್ ಅಂಗಡಿಯಿದೆ. ಬೇಳೆ, ಮಸಾಲೆ ಬೇಕಾದವರಿಗೆ ಶಿನ್-ಓಕುಬೊ ಬಡಾವಣೆ; ಭಾರತೀಯರು ಹೆಚ್ಚಿರುವ ನಿಶಿ-ಕಸಾಯಿಯಲ್ಲಿ ದೋಸೆಯೂ ಸಿಗುತ್ತದೆ. ಬೆಣ್ಣೆದೋಸೆಯ ಊರಿನವರು ಅಲ್ಲಿ ಹೋಲಿಕೆಗೆ ಇಳಿಯದೆ ತಿಂದರೆ ಹಿತ. ಬೀದಿಯಲ್ಲಿ ಕಸದ ಡಬ್ಬಿ ಕಾಣಸಿಗುವುದು ಅಪರೂಪ, ಒಂದು ಕವರ್ ಜೇಬಿನಲ್ಲಿರಲಿ.

ಕೂಟ ಮುಗಿದು ಐವತ್ತು ಸಾವಿರ ಜನ ಒಟ್ಟಿಗೆ ಹೊರಬಿದ್ದಾಗ ಎದುರಿಗಿರುವ ಓಎದೊ ನಿಲ್ದಾಣಕ್ಕೆ ನುಗ್ಗಬಾರದು. ಅದು ಬಹಳ ಆಳದಲ್ಲಿದೆ, ಆ ಮಾರ್ಗದ ರೈಲೂ ಚಿಕ್ಕದು. ಗಾಯೆನ್‌ಮಾಎ ಕಡೆಗೆ, ಇಲ್ಲವೇ ಇನ್ನೂ ಸ್ವಲ್ಪ ನಡೆದು ಯೊಯೊಗಿಗೆ ಹೋದವರು ಸಾಲಿನಲ್ಲಿ ನಿಂತವರಿಗಿಂತ ಮೊದಲೇ ಕೋಣೆ ಸೇರುತ್ತಾರೆ.

ಜಪಾನ್ ದಾರಿ ಕಲಿತವರಿಗೆ ಮತ್ತೊಂದು ಅವಕಾಶ 2026ರ ಏಷ್ಯನ್ ಗೇಮ್ಸ್, ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಐಚಿ-ನಗೋಯಾದಲ್ಲಿ. ಟೋಕಿಯೋದಲ್ಲಿ ಇಳಿದು ನೊಝೊಮಿ ಶಿಂಕಾನ್‌ಸೆನ್ (ಬುಲೆಟ್ ರೈಲು) ಹಿಡಿದರೆ ನಗೋಯಾಗೆ 1 ಗಂಟೆ 40 ನಿಮಿಷ. ಟೋಕಿಯೋದಲ್ಲಿ ಸುಯಿಕಾ ತೋರಿಸಿ ಸಾಮಾನ್ಯ ರೈಲುಗಳಲ್ಲಿ ನಗೋಯಾವರೆಗೆ ಹೋಗಿ ಇಳಿಯಲು ಆಗುವುದಿಲ್ಲ, ಎರಡೂ ಬೇರೆ ವಲಯ. ಟಿಕೆಟ್ ಬೇರೆಯೇ ಕೊಳ್ಳಬೇಕು. ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ಮೀರುವ ಸೂಟ್‌ಕೇಸಿಗೆ ಅದರ ಜಾಗವಿರುವ ಸೀಟನ್ನು ಮೊದಲೇ ಕಾಯ್ದಿರಿಸಬೇಕು. ಸೀಟು ಆರಿಸುವಾಗ 'ಇ' ಸಾಲು ಕೇಳಿ: ಹೊರಟು ಮುಕ್ಕಾಲು ಗಂಟೆಯ ಹೊತ್ತಿಗೆ, ಮೋಡವಿಲ್ಲದಿದ್ದರೆ, ಬಲಗಡೆ ಫ್ಯೂಜಿ ಬೆಟ್ಟ.