ಕಾಸರಗೋಡಿನಿಂದ ಅಗತ್ತಿಗೆ: ಲಕ್ಷದ್ವೀಪಕ್ಕೆ ಹೊರಡುವವರಿಗೆ ಕೆಲವು ಮಾತು

ಪತ್ತನಾಜೆ, ಅಂದರೆ ಮೇ ಕೊನೆಯ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆದ ಮೇಲೆ ಲಕ್ಷದ್ವೀಪದ ಯೋಚನೆ ಬೇಡ. ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಕಡಲೂ ತಿರುಗಿರುತ್ತದೆ. ಅಲೆ ಏಳುತ್ತದೆ, ನೀರು ಕದಡುತ್ತದೆ, ಹಡಗು ಎಂದು ಹೊರಡುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ದೀಪಾವಳಿ ಮುಗಿದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ನೀವೂ ಹೊರಡಬಹುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ನೀರು ತಿಳಿಯಾಗಿರುತ್ತದೆ, ದೋಣಿ ಪ್ರಯಾಣವೂ ಸುಖ. ಮಕ್ಕಳ ಬೇಸಿಗೆ ರಜೆಗೆ ಕಾಯುವವರು ಶಾಲೆ ಮುಚ್ಚಿದ ಕೂಡಲೇ, ಏಪ್ರಿಲ್ ಮೊದಲರ್ಧದಲ್ಲಿ ಹೋಗಿಬರುವುದು ಒಳ್ಳೆಯದು. ಮೇ ತಿಂಗಳಿಗೆ ಮುಂದೂಡಿದರೆ ಸೆಕೆಯೂ ಹೆಚ್ಚು, ಮಳೆಯ ಭಯವೂ ಇದ್ದದ್ದೇ.

ದ್ವೀಪ ಎಂದರೆ ಮಾಲ್ದೀವ್ಸ್, ಅಂಡಮಾನ್ ಎನ್ನುವವರೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ನಾನು ಹೇಳುವುದಿಷ್ಟು: ಲಕ್ಷದ್ವೀಪದ ಉತ್ತರದ ಗುಂಪು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಒಂದು ಕಾಲಕ್ಕೆ ನಮ್ಮ ಜಿಲ್ಲೆಯವೇ. ಕಾಸರಗೋಡು ತಾಲೂಕಿನ ಹಾಗೆಯೇ ಆ ದ್ವೀಪಗಳೂ ದಕ್ಷಿಣ ಕನ್ನಡಕ್ಕೆ ಸೇರಿದ್ದವು. ಎರಡಕ್ಕೂ ಮಂಗಳೂರಿನಲ್ಲಿ ಕೂತ ಕಲೆಕ್ಟರರೇ ಅಧಿಕಾರಿ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಹೋದೆವು, ಅವರು ಕೇಂದ್ರಾಡಳಿತಕ್ಕೆ ಹೋದರು. ಅದಕ್ಕೂ ಮೊದಲು ಅವರ ಓಡಗಳು ಕೊಪ್ಪರ, ನಾರು ತುಂಬಿಕೊಂಡು ಮಂಗಳೂರು ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ವಿಮಾನ ಇಳಿಯುವ ಅಗತ್ತಿ ಮಾತ್ರ ಆ ಗುಂಪಿನದಲ್ಲ, ಅದು ಕಣ್ಣೂರಿನ ಅರಕ್ಕಲ್ ಮನೆತನದ ಕಡೆಯದು. ಈ ಹಳೆಯ ನೆರೆಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಪ್ರವಾಸದ ರೀತಿಯೇ ಬೇರೆಯಾಗುತ್ತದೆ ಎನ್ನುವುದು ನನ್ನ ಅನುಭವ.

ಹೊರಡುವ ಮೊದಲು ಕಾಗದಪತ್ರ. ಅನುಮತಿ ಇಲ್ಲದೆ ಲಕ್ಷದ್ವೀಪಕ್ಕೆ ಕಾಲಿಡುವಂತಿಲ್ಲ, ನಾವು ಭಾರತೀಯರೇ ಆದರೂ. ಅಲ್ಲಿನ ಜನವಸತಿಯ ರಕ್ಷಣೆಗಾಗಿ 1967ರಿಂದ ಪ್ರವೇಶ ನಿರ್ಬಂಧದ ನಿಯಮಗಳಿವೆ. ಸರಕಾರದ ಪ್ರವಾಸ ಸಂಸ್ಥೆ 'ಸ್ಪೋರ್ಟ್ಸ್' ಮೂಲಕವೋ, ನೋಂದಾಯಿತ ಏಜೆಂಟರ ಮೂಲಕವೋ, ದ್ವೀಪದಲ್ಲಿರುವ ಪರಿಚಯಸ್ಥರ ಪ್ರಾಯೋಜನೆಯಿಂದಲೋ ಅನುಮತಿ ಪಡೆಯಬೇಕು. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಕೇರಳ ಪೊಲೀಸರ 'ತುಣ' ಪೋರ್ಟಲಿನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಠಾಣೆಯಿಂದ ವಿಚಾರಣೆ ಆಗಿ ಕೈಗೆ ಸಿಗುವಷ್ಟರಲ್ಲಿ ದಿನಗಳು ಹೋಗುತ್ತವೆ. ಹಾಗಾಗಿ ಹೊರಡುವುದಕ್ಕೆ ಒಂದೂವರೆ ತಿಂಗಳಾದರೂ ಮೊದಲು ಕೆಲಸ ಶುರು ಮಾಡಿ.

ನಮ್ಮ ಕಡೆಯವರು ವಿಶೇಷವಾಗಿ ನೋಡಬೇಕಾದದ್ದು ಹೆಸರಿನ ಅಕ್ಷರಗಳು. ಶಾಲೆಯ ದಾಖಲೆ ಕನ್ನಡದಲ್ಲಿ, ರೇಷನ್ ಕಾರ್ಡು ಮಲಯಾಳದಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಮನೆಹೆಸರು ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಆಧಾರ್, ಪೊಲೀಸ್ ಸರ್ಟಿಫಿಕೇಟ್, ಟಿಕೇಟು, ಅನುಮತಿ ನಾಲ್ಕರಲ್ಲೂ ಒಂದೇ ಕಾಗುಣಿತ ಇದೆಯೇ ಎಂದು ಕೂತು ಹೋಲಿಸಿ ನೋಡಿ. ಅನುಮತಿಯ ಮುದ್ರಿತ ಪ್ರತಿಗಳನ್ನು ಹೆಚ್ಚಾಗಿಯೇ ಇಟ್ಟುಕೊಳ್ಳಿ. ದ್ವೀಪಕ್ಕೆ ಇಳಿದ ಮೇಲೆ ಅಲ್ಲಿನ ಪೊಲೀಸರಿಗೂ ತೋರಿಸಬೇಕು.

ಇನ್ನು ದಾರಿ. ಕಾಸರಗೋಡಿನಿಂದ ನೇರ ನೈಋತ್ಯಕ್ಕೆ ಹೊರಟಂತೆ ಇರಬೇಕಾದ ಪ್ರಯಾಣ ಕೊಚ್ಚಿಗೆ ಹೋಗಿ ಸುತ್ತಿ ಬರುತ್ತದೆ. 2024ರ ಮೇ ತಿಂಗಳಲ್ಲಿ ವೇಗದ ಹಡಗೊಂದು ದ್ವೀಪದ ಪ್ರಯಾಣಿಕರನ್ನು ಮಂಗಳೂರಿನ ಹಳೆ ಬಂದರಿಗೆ ಕರೆತಂದಾಗ ನಮಗೆಲ್ಲ ಆಸೆ ಚಿಗುರಿತ್ತು. ಮಂಗಳೂರಿನಿಂದ ಖಾಯಂ ಹಡಗು ಬಂದರೆ ನಮಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಅದನ್ನು ನಂಬಿ ರಜೆ ಹಾಕಬೇಡಿ. ವಿಮಾನಕ್ಕೂ ಹಡಗಿಗೂ ಕೊಚ್ಚಿಯೇ ಭರವಸೆಯ ಜಾಗ.

ಹಡಗೋ ವಿಮಾನವೋ ಎಂದರೆ, ಸಣ್ಣ ರಜೆಗೆ ವಿಮಾನವೇ ಸರಿ ಎನ್ನುತ್ತೇನೆ. ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಿಂದ ಹೊರಡುವ ಹಡಗಿಗೆ ದ್ವೀಪ ಮುಟ್ಟಲು ಹದಿನಾಲ್ಕರಿಂದ ಹದಿನೆಂಟು ತಾಸು ಬೇಕು. ಅಗತ್ತಿಗೆ ಹಾರುವ ಸಣ್ಣ ವಿಮಾನಕ್ಕೆ ಒಂದೂವರೆ ತಾಸು ಸಾಕು. ಹಡಗಿನ ಪ್ರಯಾಣಕ್ಕೆ ಅದರದೇ ಸೊಗಸಿದೆ. ರಾತ್ರಿ ಡೆಕ್ಕಿನಲ್ಲಿ ನಿಂತರೆ ಸುತ್ತ ದೀಪವೇ ಕಾಣದಷ್ಟು ಕಡಲು. ಆದರೆ ಕೆಲವು ದ್ವೀಪಗಳಲ್ಲಿ ಹಡಗು ದಡಕ್ಕೆ ಬರಲಾರದೆ ಆಳ ನೀರಿನಲ್ಲೇ ನಿಲ್ಲುತ್ತದೆ. ಅಲ್ಲಿಂದ ಕುಲುಕುವ ಸಣ್ಣ ದೋಣಿಗೆ ಇಳಿಯಬೇಕು. ಮೊಣಕಾಲು ನೋವಿನ ಅಜ್ಜ, ಅಜ್ಜಿ ಜೊತೆಗಿದ್ದರೆ ಇದನ್ನು ಮೊದಲೇ ಯೋಚಿಸಿ. ಕಡಲನ್ನೇ ನೋಡಬೇಕೆನ್ನುವವರು 'ಸಮುದ್ರಂ' ಎಂಬ ಸರಕಾರಿ ಪ್ಯಾಕೇಜಿನ ಬಗ್ಗೆ ವಿಚಾರಿಸಬಹುದು, ಅದರಲ್ಲಿ ಹಗಲು ದ್ವೀಪ, ರಾತ್ರಿ ಮಲಗುವುದು ಹಡಗಿನಲ್ಲೇ.

ವಿಮಾನಕ್ಕೆ ಹೋಗುವವರು ಮಂಗಳೂರಿನಿಂದ ಬರುವ ರಾತ್ರಿ ರೈಲು ಹಿಡಿದು ಎರ್ನಾಕುಳಂವರೆಗೆ ಹೋಗದೆ ಆಲುವಾದಲ್ಲಿ ಇಳಿಯಿರಿ. ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ಅಲ್ಲಿಂದ ಸುಮಾರು ಹನ್ನೆರಡು ಕಿಲೋಮೀಟರ್. ಸಾಮಾನು ಹಗುರ ಇರಲಿ. ಸಣ್ಣ ವಿಮಾನದಲ್ಲಿ ತೂಕದ ಮಿತಿ ಬಿಗಿ, ಮತ್ತು ದ್ವೀಪದಲ್ಲಿ ನಿಮಗೆ ನಾಲ್ಕು ಜೊತೆ ಹತ್ತಿ ಬಟ್ಟೆಗಿಂತ ಹೆಚ್ಚು ಬೇಕಾಗುವುದಿಲ್ಲ. ಕುಳಿತುಕೊಳ್ಳಲು ಕಿಟಕಿ ಬದಿ ಸಿಕ್ಕಿದರೆ ಬಿಡಬೇಡಿ. ಮೊದಲು ಕಡುನೀಲಿ, ಆಮೇಲೆ ಬಿಳಿ ನೊರೆಯ ಒಂದು ಗೆರೆ, ಅದರೊಳಗೆ ತಿಳಿ ಹಸಿರು, ನಡುವೆ ಉದ್ದಕ್ಕೆ ಮಲಗಿದ ತೆಂಗಿನ ತೋಟ. ಅದರ ಒಂದು ತುದಿಯಲ್ಲಿ ರನ್‌ವೇ, ಎರಡೂ ಬದಿಗೆ ನೀರು.

ಭೂಪಟ ನೋಡಿ ಆಸೆಪಡಬೇಡಿ. ಮೂವತ್ತಾರು ದ್ವೀಪಗಳಲ್ಲಿ ಜನ ನೆಲೆಸಿರುವವು ಹತ್ತು, ಎಲ್ಲವೂ ಸೇರಿ 32 ಚದರ ಕಿಲೋಮೀಟರ್ ಮಾತ್ರ. ಇಷ್ಟೇ ತಾನೇ ಎಂದು ನಾಲ್ಕು ದ್ವೀಪ ಒಂದೇ ವಾರದಲ್ಲಿ ಮುಗಿಸಲು ಹೊರಟರೆ ಅರ್ಧ ರಜೆ ಜೆಟ್ಟಿಯಲ್ಲಿ ಕಾಯುವುದರಲ್ಲೇ ಕಳೆಯುತ್ತದೆ. ಮೊದಲ ಸಲ ಹೋಗುವವರು ಅಗತ್ತಿಯಲ್ಲಿ ಒಂದು ಮನೆವಾಸ್ತವ್ಯ ಹಿಡಿದು, ಒಂದು ದಿನ ಬಂಗಾರಂ ಮತ್ತು ತಿನ್ನಕ್ಕರ ನೋಡಿ ಬಂದರೆ ತೃಪ್ತಿಯಾಗುತ್ತದೆ. ಡೈವಿಂಗ್ ಕಲಿಯಬೇಕೆನ್ನುವ ಯುವಕರಿಗೆ ಕಡಮತ್ ಒಳ್ಳೆಯದು. ಬಂಗಾರಂ ದ್ವೀಪಕ್ಕೆ ದೋಣಿಯನ್ನು ಇಡಿಯಾಗಿ ಗೊತ್ತು ಮಾಡಬೇಕಾಗುವುದರಿಂದ ಮನೆವಾಸ್ತವ್ಯದ ಬೇರೆ ಅತಿಥಿಗಳ ಜೊತೆ ಸೇರಿ ಹೋದರೆ ಖರ್ಚು ಹಂಚಿಹೋಗುತ್ತದೆ. ನಡುವೆ ತೆರೆದ ಕಡಲು ಇದೆ, ಬೆಳಗ್ಗೆ ಬೇಗ ಹೊರಡಿ, ಲೈಫ್ ಜಾಕೆಟ್ ಕಟ್ಟಿಕೊಂಡೇ ಕೂರಿ. ಅಗತ್ತಿಯೊಳಗೆ ಓಡಾಡಲು ಬಾಡಿಗೆ ಸೈಕಲ್ಲು ಸಾಕು.

ದ್ವೀಪದ ಪಶ್ಚಿಮಕ್ಕಿರುವ ಲಗೂನಿನ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಲೇಬೇಕು. ನಾವು ಬೇಕಲದಲ್ಲಿ, ಕಣ್ವತೀರ್ಥದಲ್ಲಿ ನೋಡಿದ ಕಡಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೊರಗಿನ ಹವಳದ ಸಾಲು ಅಲೆಗಳನ್ನು ದೂರದಲ್ಲೇ ಒಡೆಯುವುದರಿಂದ ಒಳಗಿನ ನೀರು ಸೊಂಟದ ಆಳದಲ್ಲಿ, ಬಾವಿಯಷ್ಟು ನಿಶ್ಚಲವಾಗಿ ನಿಂತಿರುತ್ತದೆ. ಮುಖಕ್ಕೆ ಸ್ನಾರ್ಕೆಲ್ ಕಟ್ಟಿ ಬಗ್ಗಿದರೆ ಗಿಳಿಮೀನು, ಚಿಟ್ಟೆಮೀನು, ಕಡಲಹುಲ್ಲು ಮೇಯುವ ಹಸಿರು ಆಮೆ. ಈಜು ಬಾರದ ನನ್ನ ಅಮ್ಮ ಕೂಡ ಜಾಕೆಟ್ ಹಾಕಿ, ಮೊಮ್ಮಗಳ ಕೈ ಹಿಡಿದು ತೇಲಿದರು. ದಡಕ್ಕೆ ಬಂದ ಮೇಲೆ "ಒಳಗೆ ಒಂದು ಊರೇ ಉಂಟಲ್ಲ ಮಾರಾಯ್ತಿ" ಎಂದರು. ಇಳಿತದ ಹೊತ್ತಿನಲ್ಲಿ ನೀರು ತೀರ ಕಡಿಮೆಯಾಗಿ ಹೊಟ್ಟೆ ಹವಳಕ್ಕೆ ತಾಗುತ್ತದೆ, ಆದ್ದರಿಂದ ಭರತ ಯಾವಾಗ ಎಂದು ದೋಣಿಯವರಲ್ಲಿ ಕೇಳಿಯೇ ಇಳಿಯಿರಿ. ಪೂರ್ವದ ದಡ ಒರಟು, ಒಡೆದ ಹವಳದ ಕಲ್ಲುಗಳ ರಾಶಿ. ಅಲ್ಲಿ ಸ್ನಾನದ ಆಸೆ ಬೇಡ.

ಹವಳದ ಮೇಲೆ ಕಾಲಿಟ್ಟು ನಿಲ್ಲಬೇಡಿ ಎಂದು ಮಕ್ಕಳಿಗೆ ಮನೆಯಲ್ಲಿಯೇ ಹೇಳಿಕೊಟ್ಟು ಕರೆದೊಯ್ಯಿರಿ. ಅದು ಕಲ್ಲಿನಂತೆ ಕಾಣುವ ಜೀವ. ಗುಂಡಗೆ ಬೆಳೆಯುವ ಜಾತಿಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತವೆ. ನಮ್ಮ ಒಂದು ತುಳಿತಕ್ಕೆ ಎಷ್ಟೋ ವರ್ಷದ ಬೆಳವಣಿಗೆ ಮುರಿದುಹೋಗುತ್ತದೆ. ಕಡಲು ಬಿಸಿಯಾಗಿ 1998, 2010, 2016ರಲ್ಲಿ ಇಲ್ಲಿನ ಹವಳಗಳು ಬೆಳ್ಳಗಾಗಿ ದೊಡ್ಡ ಪ್ರಮಾಣದಲ್ಲಿ ಸತ್ತವು. ಈಗಲೂ ಕೆಲವು ಕಡೆ ಬೂದು ಬಣ್ಣದ ಸತ್ತ ಹವಳವೇ ಕಾಣುತ್ತದೆ, ನೋಡಿದರೆ ಸಂಕಟವಾಗುತ್ತದೆ. ದಡದಲ್ಲಿ ಬಿದ್ದ ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕುವುದೂ ಬೇಡ, ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಬಿಸಿಲಿಗೆ ಕ್ರೀಮು ಬಳಿದುಕೊಂಡು ನೀರಿಗಿಳಿಯುವ ಬದಲು ತುಂಬು ತೋಳಿನ ಅಂಗಿ ಹಾಕಿ. ಮೈಯೂ ಉಳಿಯುತ್ತದೆ, ನೀರೂ ಉಳಿಯುತ್ತದೆ.

ಕುಡಿಯುವ ನೀರಿನ ವಿಷಯ ನಮ್ಮವರಿಗೆ ಹೊಳೆಯುವುದೇ ಇಲ್ಲ. ನೀರಿಗಾಗಿ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕುಡಿದು ಬೆಳೆದ ನಾವು ಅಲ್ಲಿ ಬಕೆಟ್ ಮೇಲೆ ಬಕೆಟ್ ಸುರಿದುಕೊಳ್ಳುತ್ತೇವೆ. ದ್ವೀಪದಲ್ಲಿ ಹೊಳೆ ಇಲ್ಲ, ತೊರೆ ಇಲ್ಲ. ಮಳೆನೀರು ಮರಳಿನಲ್ಲಿ ಇಂಗಿ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ, ಬಾವಿಗೆ ಬರುವುದು ಅಷ್ಟೇ. ಹೆಚ್ಚು ಎತ್ತಿದರೆ ಉಪ್ಪು ಮೇಲೇರುತ್ತದೆ. ಕಡಲನೀರನ್ನು ಸಿಹಿ ಮಾಡುವ ಸ್ಥಾವರ ಕವರತ್ತಿಯಲ್ಲಿ 2005ರಲ್ಲೂ ಅಗತ್ತಿ, ಮಿನಿಕಾಯ್‌ಗಳಲ್ಲಿ 2011ರಲ್ಲೂ ಬಂತು. ಆದರೂ ಅಲ್ಲಿ ಪ್ರತಿ ಕೊಡಕ್ಕೂ ಬೆಲೆ ಇದೆ. ಕಡಲಿನಿಂದ ಬಂದು ಒಂದೇ ಸ್ನಾನ, ಅದೂ ಚುಟುಕಾಗಿ.

ಊಟ ಮೀನು ತಿನ್ನುವವರಿಗೆ ಹಬ್ಬ. ಗಾಳ ಹಾಕಿ ಹಿಡಿದ ಚೂರೆ, ಅಂದರೆ ಟ್ಯೂನಾ, ಸಾರಾಗಿ, ಹುರಿದು, ತೆಂಗಿನಕಾಯಿ ಜೊತೆ ಪುಡಿಯಾಗಿ, ದಿನಕ್ಕೊಂದು ರೂಪದಲ್ಲಿ ಬರುತ್ತದೆ. ಅಕ್ಕಿ ಹಿಟ್ಟು ಮತ್ತು ಮೊಟ್ಟೆಯ ತೆಳ್ಳಗಿನ ಕಿಲಾಂಜಿಯನ್ನು ಸಿಹಿ ತೆಂಗಿನ ಹಾಲಿನಲ್ಲಿ ಅದ್ದಿ ತಿನ್ನಲು ಕೊಟ್ಟರೆ ಬೇಡ ಎನ್ನಬೇಡಿ. ಸಸ್ಯಾಹಾರಿಗಳು ಮೊದಲೇ ಹೇಳಿಡಬೇಕು. ತರಕಾರಿ ಹಡಗಿನಲ್ಲಿ ಬರಬೇಕು, ಹಡಗು ತಡವಾದರೆ ಬೀಟ್‌ರೂಟು, ಬಟಾಟೆಯಲ್ಲೇ ದಿನ ಹೋಗುತ್ತದೆ. ನಾವು ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಹಪ್ಪಳ ಒಯ್ದದ್ದು ಬಹಳ ಉಪಯೋಗಕ್ಕೆ ಬಂತು. ಮನೆಯಾಕೆಗೆ ಹಲಸಿನ ಹಪ್ಪಳ ಕೊಟ್ಟಾಗ ಅವರ ಅಡುಗೆಮನೆಯ ಬಾಗಿಲು ಅಮ್ಮನಿಗೆ ತೆರೆಯಿತು. ಆಮೇಲೆ ಗಂಜಿ ಅಲ್ಲೇ, ಹರಟೆಯೂ ಅಲ್ಲೇ.

ಆ ಹರಟೆಯ ಮುಖ್ಯ ವಿಷಯ ತೆಂಗು. ತೋಟದವರು ಹೋದರೆ ಕಡಲಿಗಿಂತ ಮರದ ಮೇಲೆಯೇ ಕಣ್ಣು ಹೋಗುತ್ತದೆ. ಹವಳದ ಮರಳಿನಲ್ಲಿ, ಗೊಬ್ಬರದ ಹೊರೆಯಿಲ್ಲದೆ, ಒತ್ತೊತ್ತಾಗಿ ನಿಂತ ಮರಗಳಲ್ಲಿ ಗೊನೆ ತುಂಬ ಕಾಯಿ. ಕಾಯಿ ಸಣ್ಣದು, ಎಣ್ಣೆ ಚೆನ್ನಾಗಿ ಬರುತ್ತದೆ. ಇಲಿಗಳ ಕಾಟ ವಿಪರೀತ. ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) 1985ರಲ್ಲಿ ಬಿಡುಗಡೆ ಮಾಡಿದ ಚಂದ್ರಕಲ್ಪ ಇದೇ ಲಕ್ಷದ್ವೀಪದ ತಳಿಯಿಂದ ಆರಿಸಿದ್ದು. ನಮ್ಮ ಮನೆಯ ಹಿತ್ತಿಲಿನಲ್ಲಿ ನಿಂತ ಮರದ ತವರು ಇದು ಎಂದು ಹೇಳಿದಾಗ ಆ ಮನೆಯವರಿಗಾದ ಸಂತೋಷ ದೊಡ್ಡದು.

ಮಾತಿಗೆ ತೊಂದರೆ ಇಲ್ಲ. ನಮ್ಮ ಪೇಟೆಯ ಮಲಯಾಳ ಬಂದರೆ ಅವರ ಜಸರಿ ಅರ್ಧ ದಿನದಲ್ಲಿ ಕಿವಿಗೆ ಹೊಂದುತ್ತದೆ, ಮಿನಿಕಾಯ್‌ನಲ್ಲಿ ಮಾತ್ರ ಮಹಲ್ ಭಾಷೆ, ಅದು ಬೇರೆಯೇ. ಜನ ಮುಸ್ಲಿಮರು, ಆದರೆ ಆಸ್ತಿ, ಮನೆತನ ತಾಯಿಯ ಕಡೆಯಿಂದ ನಡೆದು ಬಂದದ್ದು. ಅಳಿಯಕಟ್ಟಿನ ನಾಡಿನವರಿಗೆ ಅದು ಬೇಗ ಅರ್ಥವಾಗುತ್ತದೆ. ಜನರಿರುವ ದ್ವೀಪಗಳಲ್ಲಿ ಮೈ ಮುಚ್ಚುವ ಬಟ್ಟೆ ಹಾಕಿ, ಈಜುವಾಗಲೂ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ, ದೋಣಿಯೂ ಸಿಗದು. ಬಂಗಾರಂ ಬಿಟ್ಟು ಬೇರೆಲ್ಲೂ ಮದ್ಯಕ್ಕೆ ಅವಕಾಶವಿಲ್ಲ; ಒಯ್ಯುವ ಯೋಚನೆ ಇದ್ದವರು ಬೇರೆ ಊರು ನೋಡುವುದು ಲೇಸು. ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ.

ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಇಂಟರ್‌ನೆಟ್ ಸುಧಾರಿಸಿದೆ. ಆದರೂ ನಗದು ಹಣ ಇಟ್ಟುಕೊಳ್ಳಿ, ಎಟಿಎಂ ಕಡಿಮೆ. ದಿನನಿತ್ಯದ ಮಾತ್ರೆಗಳನ್ನು ವಾರಕ್ಕೆ ಹೆಚ್ಚಾಗುವಷ್ಟು ಒಯ್ಯಿರಿ. ಅಗತ್ತಿಯಲ್ಲಿ ಆಸ್ಪತ್ರೆ ಇದೆ, ಆದರೆ ದೊಡ್ಡ ಕಾಯಿಲೆಗೆ ಕೊಚ್ಚಿಯೇ ಗತಿ. ನೀವು ಒಯ್ದ ಪ್ಲಾಸ್ಟಿಕನ್ನು ನಿಮ್ಮ ಚೀಲದಲ್ಲೇ ವಾಪಸು ತನ್ನಿ, ಅಲ್ಲಿ ಹೂಳಲು ಜಾಗವಿಲ್ಲ.

ಕೊನೆಗೆ ವಾಪಸಿನ ಟಿಕೇಟು. ಗಾಳಿ ಎದ್ದರೆ ವಿಮಾನ ರದ್ದಾಗುತ್ತದೆ, ಹಡಗು ಒಂದು ದಿನ ತಡವಾಗುತ್ತದೆ. ಅಗತ್ತಿಯಿಂದ ಕೊಚ್ಚಿಗೆ ಬರುವ ದಿನದ ಸಂಜೆಗೇ ಕಾಸರಗೋಡಿನ ರೈಲು ಬುಕ್ ಮಾಡಬೇಡಿ, ಮರುದಿನದ್ದು ಮಾಡಿ. ಆಫೀಸಿಗೆ, ಶಾಲೆಗೆ ಹೇಳುವ ರಜೆಯಲ್ಲೂ ಎರಡು ದಿನ ಹೆಚ್ಚು ಬರೆಯಿರಿ. ಎಲ್ಲವೂ ಸರಿಯಾಗಿ ನಡೆದರೆ ಕೊಚ್ಚಿಯಲ್ಲಿ ಸಿಗುವ ಒಂದು ದಿನಕ್ಕೆ ಮಟ್ಟಾಂಚೇರಿಯ ಗೌಡ ಸಾರಸ್ವತರ ತಿರುಮಲ ದೇವಸ್ಥಾನವಿದೆ. ಅಲ್ಲಿನ ಬೀದಿಗಳಲ್ಲಿ ಕೊಂಕಣಿ ಕೇಳುತ್ತದೆ, ಹಪ್ಪಳದ ಅಂಗಡಿಗಳೂ ಇವೆ.