ಕರೆಂಟಿನ ಗ್ರೈಂಡರೋ, ಗಾಳಿಯದೋ?

ವರ್ಕ್‌ಶಾಪಿಗೆ ಹೊಸ ಆ್ಯಂಗಲ್ ಗ್ರೈಂಡರ್ (ತಿರುಗುವ ಡಿಸ್ಕಿನಿಂದ ಲೋಹ, ಕಲ್ಲನ್ನು ಉಜ್ಜುವ, ಕತ್ತರಿಸುವ ಕೈ ಉಪಕರಣ) ಕೊಳ್ಳಬೇಕಾಗಿರುವುದರಿಂದ ಈ ವಾರವೆಲ್ಲ ಇದೇ ಲೆಕ್ಕಾಚಾರ ನಡೆದಿದೆ. ಕರೆಂಟಿನಿಂದ ಓಡುವ ನಾಲ್ಕು ಇಂಚಿನ ಗ್ರೈಂಡರನ್ನು ಪ್ಲಗ್ ಇರುವಲ್ಲೆಲ್ಲ ಬಳಸಬಹುದು. ಗೇಟು, ಗ್ರಿಲ್ಲು ಕೂರಿಸಲು ಸೈಟಿಗೆ ಹೋಗುವವರಿಗೆ ಅದೇ ಅನುಕೂಲ. ಆದರೆ ಬಿಡುವಿಲ್ಲದೆ ಒತ್ತಿ ಉಜ್ಜುತ್ತಿದ್ದರೆ ಮೋಟಾರು ಕಾಯುತ್ತದೆ, ಕಬ್ಬಿಣದ ಪುಡಿ ಒಳಸೇರಿ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟುಹೋಗುವುದೂ ಉಂಟು. ಕಂಪ್ರೆಸರಿನ ಒತ್ತಡದ ಗಾಳಿಯಿಂದ ಓಡುವ ಗ್ರೈಂಡರಿನಲ್ಲಿ ಸುಡಲು ಆ ತಂತಿಯ ಸುತ್ತೇ (ವೈಂಡಿಂಗ್) ಇಲ್ಲ. ಅತಿಯಾಗಿ ಒತ್ತಿದರೆ ಅದು ನಿಂತುಬಿಡುತ್ತದೆ, ಕೈ ಸಡಿಲಿಸಿದೊಡನೆ ಮತ್ತೆ ತಿರುಗುತ್ತದೆ. ಗ್ರಾನೈಟ್ ಅಂಚಿಗೆ ನೀರು ಬಿಡುತ್ತಲೇ ಪಾಲಿಶ್ ಕೊಡುವ ಕೆಲಸಕ್ಕೆ, ಶಾಕ್ ಹೊಡೆಯುವ ಭಯವಿಲ್ಲದ ಈ ಉಪಕರಣವೇ ಸರಿ.

ಹಾಗೆಂದು ಗಾಳಿಯೇನೂ ಪುಕ್ಕಟೆಯಲ್ಲ. ಸುಮಾರು 6 ಬಾರ್ ಒತ್ತಡದ ಗಾಳಿಯನ್ನು ಅದು ಎಡೆಬಿಡದೆ ಕೇಳುತ್ತದೆ. ಪಂಕ್ಚರ್ ಅಂಗಡಿಯ ಚಿಕ್ಕ ಕಂಪ್ರೆಸರಿಗೆ ಜೋಡಿಸಿದರೆ ಟ್ಯಾಂಕು ಬೇಗನೆ ಖಾಲಿಯಾಗಿ ಡಿಸ್ಕು ಸೊರಗುತ್ತದೆ. ಜೊತೆಗೆ ಗಾಳಿಯಲ್ಲಿನ ನೀರನ್ನು ಸೋಸಬೇಕು, ಎಣ್ಣೆ ಹಾಕಬೇಕು. ದೊಡ್ಡ ಕಂಪ್ರೆಸರ್ ಮೊದಲೇ ಇರುವ ಫೌಂಡ್ರಿಗೆ ಇದೆಲ್ಲ ಭಾರವಲ್ಲ. ನಮ್ಮದು ಹೆಚ್ಚಾಗಿ ಗ್ರಿಲ್ ಕೆಲಸವಾದ್ದರಿಂದ 850 ವ್ಯಾಟಿನ ಕರೆಂಟ್ ಗ್ರೈಂಡರನ್ನೇ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ, ಜೊತೆಗೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುತ್ತ ಸವೆಯುವ ಕಾರ್ಬನ್ ಬ್ರಷ್ಷುಗಳ ಒಂದು ಜೊತೆಯನ್ನೂ.